ಅಗ್ಗದ ವೈಪರಿನ ವಿದ್ಯೆ

ಹಳೇ ಕಾರಿನ ಮುಂಗಾಜಿಗೆ ತನ್ನ ಹೊಳಪಿನ ಮೇಲೆ ಬಲು ಅಭಿಮಾನ. ವೈಪರಿನ ರಬ್ಬರು ಹರಿದಾಗ ಒಡತಿ ಜುಬೇದಾ ಅಂಗಡಿಯ ಬೆಳ್ಳಿಯಂಚಿನ ದುಬಾರಿ ವೈಪರನ್ನು ಪಕ್ಕಕ್ಕಿಟ್ಟು, "ಗಾಜಿಗೆ ಸರಿಯಾಗಿ ಕೂತರೆ ಸಾಕು, ಬೆಳ್ಳಿ ಯಾಕೆ?" ಎಂದು ಅಗ್ಗದ ಕಪ್ಪು ವೈಪರನ್ನು ಹಾಕಿಸಿದಳು.

"ಈ ಬಡಪಾಯಿಯೇ ನನ್ನ ಮೈ ಮುಟ್ಟುವುದು?" ಎಂದು ಗಾಜು ಮುಖ ಸಿಂಡರಿಸಿತು.

"ನೀವು ಬಾಗಿದ ಕಡೆ ಬಾಗುತ್ತೇನೆ. ನನಗೆ ಬರುವ ವಿದ್ಯೆ ಅದೊಂದೇ," ಎಂದಿತು ವೈಪರು.

ಅಂಗಡಿಯಿಂದ ಹೊರಟ ಕಾರು ದಾರಿಯ ಸೇತುವೆ ಹತ್ತಿರ ಬರುವಷ್ಟರಲ್ಲಿ ಆಕಾಶವೇ ಕಳಚಿ ಬಿದ್ದಂತೆ ಮಳೆ ಸುರಿಯಿತು. ಗಾಜಿಗೆ ಕಣ್ಣು ಕಟ್ಟಿದಂತಾಯಿತು. ಅದರ ಹೊಳಪು ಯಾವ ಕೆಲಸಕ್ಕೂ ಬರಲಿಲ್ಲ. ಆಗ ವೈಪರು ಗಾಜಿನ ಮೈಗಂಟಿಕೊಂಡು ಒಮ್ಮೆ ಸರಿಯಿತು. ಅಷ್ಟು ದೊಡ್ಡ ಮಳೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು! ಎದುರಿಗೇ ಎಮ್ಮೆಯೊಂದು ಕರುವಿನೊಡನೆ ನಿಂತಿತ್ತು.

"ಯಾ ಅಲ್ಲಾ!" ಎಂದು ಜುಬೇದಾ ಬ್ರೇಕು ಒತ್ತಿದಳು. ಕಾರು ಗೇಣು ದೂರದಲ್ಲಿ ನಿಂತಿತು.

ಗಾಜು ಬೆರಗಾಯಿತು. "ಮುಗಿಲನ್ನೇ ಪಕ್ಕಕ್ಕೆ ತಳ್ಳಿದೆಯಲ್ಲ! ಆದರೂ ಅವಳು ನಿನ್ನ ಕಡೆ ನೋಡಲೇ ಇಲ್ಲವಲ್ಲ?"

"ನನ್ನನ್ನು ನೋಡುತ್ತಾ ಕೂತಿದ್ದರೆ ಎಮ್ಮೆಯನ್ನು ನೋಡುವವರು ಯಾರು?" ಎಂದಿತು ವೈಪರು.

ಗಾಜು ಮೊದಲ ಸಲ ತನ್ನ ಹೊಳಪನ್ನು ಮರೆತು ತನ್ನಾಚೆಗೆ ನೋಡಿತು. ಸುರಿಯುವ ಮಳೆಯಲ್ಲೇ ಕರು ಕೆಚ್ಚಲಿಗೆ ಬಾಯಿಟ್ಟಿತ್ತು.