ನಾಲ್ಕು ಬಾಯಿ, ಒಂದೇ ಉತ್ತರ

ಮಕ್ಕಳು ತಪ್ಪು ಮಾಡುವುದನ್ನು ನಿಲ್ಲಿಸಿದ ದಿನದಿಂದ ದೇವೀರಿಗೆ ಅನುಮಾನ ಶುರುವಾಯಿತು.

ಒಂದಲ್ಲ ಎರಡಲ್ಲ, ನಾಲ್ಕು ಮಕ್ಕಳು. ದೊಡ್ಡವಳು ನಂಜಿ, ಆಮೇಲೆ ಬೋರ, ಅವನ ಬೆನ್ನಿಗೆ ಚೆನ್ನಿ, ಕೊನೆಯವನು ಚಿಕ್ಕ. ದೊಡ್ಡ ಮೂವರನ್ನು ಹೊಳೆಯಾಚೆಯ ಶಾಲೆಯಿಂದ ಬಿಡಿಸಿ, ಚಿಕ್ಕನನ್ನು ಅತ್ತ ಕಳಿಸದೆಯೇ, ಪಡಸಾಲೆಯಲ್ಲಿ ಒಟ್ಟಿಗೆ ಕೂರಿಸಿಕೊಂಡು ಒಂದು ವರ್ಷ ತಾನೇ ಪಾಠ ಹೇಳಿದ್ದಳು.

ಕಾರಣವಿತ್ತು. ಶಾಲೆಯ ಐಗಳು ಬಾರಿಸಿದ ಏಟಿಗೆ ಬೋರನ ಅಂಗೈ ಊದಿ, ಅವನು ರಾತ್ರಿ ಮುದ್ದೆ ಮುರಿಯಲಾರದೆ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ. "ಇನ್ನು ಸಾಕು, ನನ್ನ ಮಕ್ಕಳಿಗೆ ನಾನೇ ಐಗಳು" ಅಂದಿದ್ದಳು ದೇವೀರಿ.

ಮೊದಮೊದಲು ಎಲ್ಲ ಆಗಬೇಕಾದಂತೆಯೇ ಆಯಿತು. ಮಗ್ಗಿ ಹೇಳಿಸುವ ಭರದಲ್ಲಿ ಸಾರು ಸೀದಿತು. ಲೆಕ್ಕಕ್ಕೆಂದು ಕೊಟ್ಟ ಹುಣಸೆಬೀಜವನ್ನು ಚಿಕ್ಕ ಮೂಗಿಗೆ ಏರಿಸಿಕೊಂಡ. ಅದನ್ನು ತೆಗೆಯುವಷ್ಟರಲ್ಲಿ ಉಳಿದ ಮೂವರು ಉಳಿದ ಬೀಜಗಳನ್ನು ಹುರಿದು ತಿಂದಿದ್ದರು.

ಆಮೇಲೆ, ದಸರೆ ಕಳೆದದ್ದೇ, ಎಲ್ಲರ ಉತ್ತರವೂ ಸರಿಯಾಗತೊಡಗಿತು.

ಕೇಳಿದ್ದಕ್ಕೆಲ್ಲ ಸರಿ. ನಾಲ್ವರದೂ ಸರಿ. ಇನ್ನೂ ನೆಟ್ಟಗೆ ಲಂಗೋಟಿ ಕಟ್ಟಿಕೊಳ್ಳಲು ಬಾರದ ಚಿಕ್ಕನದೂ ಸರಿ.

ಬೇರೆ ತಾಯಂದಿರಾಗಿದ್ದರೆ ದೃಷ್ಟಿ ತೆಗೆಯುತ್ತಿದ್ದರು. ದೇವೀರಿ ನಂಜಿಯ ಕಾಲ್ಬೆರಳನ್ನು ಗಮನಿಸತೊಡಗಿದಳು. ದೊಡ್ಡವಳು ತಮ್ಮ ತಂಗಿಯರಿಗೆ ಸನ್ನೆ ಮಾಡುತ್ತಿರಬೇಕು. ಇಲ್ಲವೇ ಪಿಸುಗುಡುತ್ತಿರಬೇಕು. ನಾಲ್ವರನ್ನೂ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದಳು. ತಾನು ಸುತ್ತ ತಿರುಗುತ್ತ, ಒಬ್ಬೊಬ್ಬರ ಎದುರಿಗೂ ಬಗ್ಗಿ ನಿಂತು ಕೇಳಿದಳು.

ಸರಿ. ಸರಿ. ಸರಿ. ಸರಿ.

ಅವಳಿಗೆ ನಿದ್ದೆ ಕೆಟ್ಟಿತು.

ಯುಗಾದಿ ಮತ್ತೆ ಬಂತು. ಹೊಳೆಯಾಚೆ ಹಳೆಯ ಐಗಳು ಹೋಗಿ ಹೊಸಬರು ಬಂದಿದ್ದಾರೆ, ಬೆತ್ತ ಮುಟ್ಟುವುದೇ ಇಲ್ಲವಂತೆ ಎಂದು ಗಂಡ ಮಾದಪ್ಪ ಸುದ್ದಿ ತಂದ.

"ಬೆಳ್ಳಗಿರೋದೆಲ್ಲ ಹಾಲಲ್ಲ" ಅಂದಳು ದೇವೀರಿ.

"ಕುಡಿದು ನೋಡದೆ ಸುಣ್ಣ ಅನ್ನೋದೂ ಸರಿಯಲ್ಲ. ನೋಡು, ಮಕ್ಕಳನ್ನ ನಿನ್ನ ಗುರುಗಳ ಹತ್ತಿರ ಕರ್ಕೊಂಡು ಹೋಗು. ಅವರು ಪರೀಕ್ಷೆ ಮಾಡ್ಲಿ. ಹೂಂ ಅಂದ್ರೆ ಮನೇಲೇ ಇರ್ಲಿ. ಊಹೂಂ ಅಂದ್ರೆ ನಾಳಿದ್ದೇ ದೋಣಿ ಹತ್ತಿಸ್ತೀನಿ. ಆಮೇಲೆ ನೀನು ಮಾತಾಡಬಾರದು."

"ನೀವೂ ಮಾತಾಡಬಾರದು" ಅಂದಳು.

ಹಾಗೆ ನಾಲ್ವರನ್ನೂ ಮುಂದೆ ಬಿಟ್ಟುಕೊಂಡು ಹೊಳೆದಂಡೆಯ ಆಶ್ರಮಕ್ಕೆ ಹೊರಟಳು. ಅಲ್ಲಿಯ ಜಗಲಿಯ ಮೇಲೆಯೇ ಅವಳು ಹುಡುಗಿಯಾಗಿದ್ದಾಗ ಅಕ್ಷರ ಕಲಿತದ್ದು.

ಗುರುಗಳು ಮತ್ತಿಮರದ ಕೆಳಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಬಾ ದೇವೀರಿ. ವರ್ಷ ಹೇಗಿತ್ತು?"

"ಮಕ್ಕಳು ತುಂಬ ಕಲಿತಿದ್ದಾರೆ ಗುರುಗಳೇ."

"ಅದಕ್ಕೆ ಮುಖ ಯಾಕೆ ಹಾಗಿದೆ?"

"ಅತಿಯಾಗಿ ಕಲಿತಿದ್ದಾರೆ. ಅದೇ ಅನುಮಾನ." ದನಿ ತಗ್ಗಿಸಿದಳು. "ಇವರಲ್ಲಿ ಯಾರೋ ಒಬ್ಬರು ಉಳಿದವರಿಗೆ ಉತ್ತರ ದಾಟಿಸ್ತಿದ್ದಾರೆ. ಯಾರು ಅಂತ ಹಿಡಿಯೋಕೆ ನನ್ನಿಂದಾಗ್ಲಿಲ್ಲ."

"ತಪ್ಪು ಹೇಳಿದಾಗ ಹೊಡೀತಿದ್ದೆಯಾ?"

"ಶಿವ ಶಿವ! ಒಂದು ದಿನ ಕೈ ಎತ್ತಿಲ್ಲ. ಗದರಿಲ್ಲ ಕೂಡ."

"ಮತ್ತೇನು ಮಾಡ್ತಿದ್ದೆ?"

"ಏನೂ ಇಲ್ಲ. ಸುಮ್ಮನಿರ್ತಿದ್ದೆ."

ಗುರುಗಳು ತಲೆಯಾಡಿಸಿದರು. "ಮುಂದಿನ ವರ್ಷ?"

"ಮಕ್ಕಳನ್ನೇ ಕೇಳಿದೆ. ಹೊಳೆಯಾಚೆ ಹೋಗ್ತೀರೋ, ಮನೇಲೇ ಇರ್ತೀರೋ ಅಂತ. ನಾಲ್ವರೂ ಒಂದೇ ಬಾಯಲ್ಲಿ ಮನೇಲೇ ಅಂದ್ರು." ಹೇಳುವಾಗ ಅವಳ ಕುತ್ತಿಗೆ ಒಂದಿಷ್ಟು ಎತ್ತರವಾಯಿತು. "ನೀವು ಹೂಂ ಅನ್ನೋದೊಂದು ಬಾಕಿ."

ಗುರುಗಳು ಚಿಕ್ಕನನ್ನು ಹತ್ತಿರ ಕರೆದರು.

"ಹದಿಮೂರು ಏಳಲ ಎಷ್ಟೋ ಮರಿ?"

ಚಿಕ್ಕ ಬಾಯಿ ತೆರೆದ. "ಎಪ್ಪತ್ತು..." ನಿಧಾನ ಮಾಡಿದ. "ಎಂಬತ್ತು... ತೊಂಬತ್ತು..." ಮಾವಿನ ಮರ ಹತ್ತುವವನಂತೆ ಒಂದೊಂದೇ ಕೊಂಬೆ ಮೇಲೇರಿ, ಸರಿಯಾದ ಕೊಂಬೆಯಲ್ಲಿ ನಿಂತ. "ತೊಂಬತ್ತೊಂದು!"

ಅವನು ಹತ್ತುವಷ್ಟು ಹೊತ್ತೂ ದೇವೀರಿಯ ಒಂದು ಕಣ್ಣು ಅವನ ಮೇಲೆ, ಒಂದು ಕಣ್ಣು ನಂಜಿಯ ಮೇಲೆ. ನಂಜಿ ಮಾತ್ರ ಬೇರೆಲ್ಲೋ ನೋಡುತ್ತಿದ್ದಳು.

ಗುರುಗಳು ಹುಡುಗನನ್ನು ನೋಡುತ್ತಲೇ ಇರಲಿಲ್ಲ. ಅವರು ದೇವೀರಿಯ ಹಣೆಯನ್ನು ನೋಡುತ್ತಿದ್ದರು.

"ನೀನು ಹೇಳಿದ್ದು ನಿಜ" ಅಂದರು. "ಯಾರೋ ಉತ್ತರ ದಾಟಿಸ್ತಿದ್ದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೋರ ಹೆಗಲು ಮುಟ್ಟಲಿಲ್ಲ, ನಂಜಿಯೂ ಮುಟ್ಟಲಿಲ್ಲ. ದೇವೀರಿಯೇ ಕುಂಕುಮ ಹರಡಿದೆಯೇನೋ ಎಂದು ಸೆರಗಿನ ತುದಿಯಿಂದ ಹಣೆ ಒರೆಸಿಕೊಂಡಳು.

ಗುರುಗಳು ಎದ್ದು ಒಳಗೆ ಹೋಗಿ, ಒಂದು ಮಡಕೆ ನೀರನ್ನೂ ತೆಂಗಿನ ಚಿಪ್ಪನ್ನೂ ತಂದರು. ಮಕ್ಕಳನ್ನು ದೂರದ ಬಂಡೆಯ ಹತ್ತಿರ ಹೋಗಿ ಕೂರಲು ಹೇಳಿದರು. ಬಾಗಿ ದೇವೀರಿಯ ಕಿವಿಯಲ್ಲಿ ಅಂದರು.

"ಇದರಲ್ಲಿ ಬೆಲ್ಲ ಕದಡಿದ್ದೇನೆ. ಬಾಯಿ ಬಿಡಬೇಡ. ಒಬ್ಬೊಬ್ಬರನ್ನೇ ಕರೆದು ಕೇಳೋಣ. ಒಬ್ಬರಿಗೊಬ್ಬರು ಹೇಳಿಕೊಡೋಕೆ ದಾರಿಯೇ ಇರೋದಿಲ್ಲ."

ದೇವೀರಿಗೆ ಇದು ಸರಿಬಂತು. ಆದರೂ ಒಳಗೊಂದು ಹುಳ ಕೊರೆಯಿತು. ಇಷ್ಟು ಸುಲಭದ ಪರೀಕ್ಷೆಯೇ? ಬೆಲ್ಲದ ರುಚಿ ಯಾವ ಮಗುವಿಗೆ ತಿಳಿಯದು? ಗುರುಗಳಿಗೆ ಈ ಮಾದಪ್ಪ ಮೊದಲೇ ಏನಾದರೂ ಹೇಳಿ ಕಳಿಸಿದ್ದಾನೋ?

ಮೊದಲು ನಂಜಿ ಬಂದಳು. ಗುರುಗಳು ಚಿಪ್ಪಿನಲ್ಲಿ ನೀರು ಕೊಟ್ಟರು.

"ಕುಡಿದು ಹೇಳವ್ವ. ಬೆಲ್ಲವೋ, ಉಪ್ಪೋ?"

ನಂಜಿ ಗುಟುಕರಿಸಿದಳು. ತುಟಿ ಒರೆಸಿಕೊಂಡಳು. "ಇದು..." ಅಂದಳು. ತಾಯಿಯ ಕಡೆ ಒಮ್ಮೆ ನೋಡಿದಳು. "ಬೆಲ್ಲ ತಾತ."

"ಸರಿ, ಆ ಕಡೆ ಹೋಗಿ ನಿಲ್ಲು."

ಬೋರ ಬಂದ. ಕುಡಿದ. ಹೊಳೆಯ ಕಡೆ ನೋಡಿದ, ಅವ್ವನ ಕಡೆ ನೋಡಿದ. "ಬೆಲ್ಲ."

ಚೆನ್ನಿ ಯಾವತ್ತೂ ಹೆಚ್ಚು ಮಾತಾಡುವವಳಲ್ಲ. ಕುಡಿದಳು, ಕತ್ತೆತ್ತಿದಳು, "ಬೆಲ್ಲ" ಅಂದಳು.

ದೇವೀರಿಯ ಎದೆ ಹಗುರಾಯಿತು. ನೋಡು ಮಾದಪ್ಪ, ಬಂದು ನೋಡು. ಯಾರೂ ಯಾರಿಗೂ ಹೇಳಿಕೊಡಲಿಲ್ಲ.

ಕೊನೆಗೆ ಚಿಕ್ಕ. ಒಂದೇ ಗುಟುಕಿಗೆ ಕೆಮ್ಮಿದ. ಕಣ್ಣಲ್ಲಿ ನೀರು ಬಂತು. ಅವ್ವನನ್ನು ನೋಡಿ, "ಬೆಲ್ಲ" ಅಂದ.

"ಭಲೆ! ತಗೋ, ಇನ್ನೊಂದು ಚಿಪ್ಪು ಕುಡಿ."

"ಬೇಡ ತಾತ. ಸಾಕು."

ದೇವೀರಿಯ ಹಗುರಾದ ಎದೆ ಅಲ್ಲೇ ನಿಂತಿತು.

ಚಿಕ್ಕ ಬೆಲ್ಲ ಬೇಡ ಅಂದದ್ದನ್ನು ಅವಳು ಹೆತ್ತಾಗಿನಿಂದ ಕಂಡಿರಲಿಲ್ಲ. ಬೆಲ್ಲದ ಗಡಿಗೆಯನ್ನು ಅಟ್ಟದ ಮೇಲಿಟ್ಟರೆ ಅಟ್ಟಕ್ಕೆ, ನೆಲುವಿನಲ್ಲಿಟ್ಟರೆ ನೆಲುವಿಗೆ ಏರುವ ಹುಡುಗ ಅವನು. ಹೋದ ವಾರವಷ್ಟೇ ಅವನ ಜೇಬಿನಿಂದ ಇರುವೆ ಸಮೇತ ಒಂದು ಉಂಡೆ ಸಿಕ್ಕಿತ್ತು.

ಚಿಪ್ಪನ್ನು ಗುರುಗಳ ಕೈಯಿಂದ ಕಸಿದುಕೊಂಡವಳೇ ನೀರು ಬಾಯಿಗೆ ಹಾಕಿಕೊಂಡಳು.

"ಥೂ!"

ಉಪ್ಪು. ಬಾಯಿ ಕೆಡುವಷ್ಟು ಉಪ್ಪು.

"ಗುರುಗಳೇ, ನೀವು ಬೆಲ್ಲ ಅಂದ್ರಲ್ಲ!"

"ಅಂದೆ. ನಿನಗೆ ಮಾತ್ರ ಅಂದೆ." ಗುರುಗಳು ಮತ್ತೊಂದು ಅವರೆಕಾಯಿ ಸುಲಿದರು. "ಅವರಿಗೆ ಯಾರು ಹೇಳಿದರು?"

ದೇವೀರಿ ಮಕ್ಕಳನ್ನು ನೋಡಿದಳು. ನಾಲ್ವರೂ ಅವಳನ್ನೇ ನೋಡುತ್ತಿದ್ದರು. ವರ್ಷವಿಡೀ ಹಾಗೆಯೇ ನೋಡುತ್ತಿದ್ದರು. ಅದನ್ನು ಅವಳು ಗಮನ ಅಂದುಕೊಂಡಿದ್ದಳು.

"ಎದ್ದು ಆ ಹೊಳೆಯ ಮೆಟ್ಟಿಲ ಮೇಲೆ ಕೂತುಕೋ" ಅಂದರು ಗುರುಗಳು. "ಹೊಳೆಗೆ ಮುಖ ಮಾಡಿ."

ಅವಳು ಹೋಗಿ ಕೂತಳು. ಮುಂದೆ ನೀರು, ಆಚೆ ದಡ, ಹೆಂಚಿನ ಸೂರಿನ ಶಾಲೆ. ಬೆನ್ನ ಹಿಂದೆ ಗುರುಗಳ ದನಿ ಕೇಳಿಸಿತು.

"ಈಗ ಮತ್ತೆ ಕುಡಿದು ಹೇಳಿ. ಏನದು?"

ಚಿಪ್ಪು ಮಡಕೆಗೆ ತಾಗುವ ಸದ್ದು ಕೇಳಿಸಿತು.

"ಉಪ್ಪು" ಅಂದ ಬೋರ.

"ಉಪ್ಪೇ! ಮೊದಲೂ ಉಪ್ಪೇ ಇತ್ತು" ಅಂದ ಚಿಕ್ಕ. "ತಾತ, ನೀವು ಮಹಾ ಕಳ್ಳ."

"ಏಯ್, ತಾತನ್ನ ಹಾಗನ್ನಬಾರದು ಕಣೋ" ಅಂದಳು ನಂಜಿ.

"ಮತ್ತೆ? ಉಪ್ಪು ಕುಡಿಸಿ ಭಲೆ ಅಂದ್ರಲ್ಲ!"

"ನೀನ್ಯಾಕೆ ಬೆಲ್ಲ ಅಂದೆ, ಪೆದ್ದ?"

"ನೀನೂ ಅಂದೆ, ಪೆದ್ದಿ!"

ಆಗ ಒಂದು ಸಣ್ಣ ದನಿ ನಡುವೆ ಬಂತು. "ತಾತ, ಸಮುದ್ರ ಅಂದ್ರೆ ಹೀಗೇ ಇರುತ್ತಾ? ಈ ಹೊಳೆ ಅಲ್ಲಿಗೆ ಹೋಗುತ್ತಂತಲ್ಲ, ಹಾಗಾದ್ರೆ ಅದು ಯಾವ ಊರಿನ ಹತ್ತಿರ ಉಪ್ಪಾಗುತ್ತೆ?"

ಯಾರ ದನಿ ಎಂದು ದೇವೀರಿಗೆ ಕೂಡಲೇ ತಿಳಿಯಲಿಲ್ಲ. ಚೆನ್ನಿ. ಒಂದು ವರ್ಷ ಉತ್ತರ ಹೇಳಿದ ಚೆನ್ನಿ, ಅವಳೆದುರು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ.

"ನನಗೂ ಗೊತ್ತಿಲ್ಲ ಕಂದ" ಅಂದರು ಗುರುಗಳು. ಚೆನ್ನಿ ನಕ್ಕಳು.

ದೇವೀರಿ ತಿರುಗಲಿಲ್ಲ. ಅಲ್ಲಿಂದಲೇ ಕೇಳಿದಳು.

"ನಂಜಿ. ಯಾವಾಗಿನಿಂದ?"

"ದಸರೆಯಿಂದ ಅವ್ವ" ಅಂದಳು ನಂಜಿ. "ತಪ್ಪಿದ್ರೆ ನಿನ್ನ ಹುಬ್ಬು ಮೇಲೆ ಹೋಗುತ್ತೆ. ಸರಿಯಿದ್ರೆ ಇಳಿಯುತ್ತೆ. ಮೊದಲು ಬೋರ ಕಂಡುಹಿಡಿದ. ಚಿಕ್ಕನಿಗೆ ನಾನೇ ಹೇಳಿಕೊಟ್ಟೆ. ಅವನಿಗೆ ಬೇಗ ಬಂತು."

"ಹುಬ್ಬು ಒಂದೇ ಅಲ್ಲ, ಮೂಗೂ!" ಅಂದ ಚಿಕ್ಕ.

"ನಾನು ಹೊಡೀತಿರಲಿಲ್ಲವಲ್ಲೇ. ಬೈತಿರಲಿಲ್ಲವಲ್ಲ. ಮತ್ತೆ ಯಾಕೆ?"

ನಂಜಿ ತಡೆದು ತಡೆದು ಹೇಳಿದಳು. "ನಾವು ತಪ್ಪು ಹೇಳಿದ ದಿನ ನೀನು ಸುಮ್ಮನಾಗಿಬಿಡ್ತಿದ್ದೆ. ನಮಗೆಲ್ಲ ಬಡಿಸಿ, ಹಸಿವಿಲ್ಲ ಅಂತ ಎದ್ದು ಹೋಗ್ತಿದ್ದೆ. ಸರಿ ಹೇಳಿದ ದಿನ ಉಣ್ತಿದ್ದೆ."

ನೀರಿನ ಮೇಲೆ ಒಂದು ಮಿಂಚುಳ್ಳಿ ಹಾದುಹೋಯಿತು. ದೇವೀರಿ ಅದನ್ನೇ ನೋಡಿದಳು. ಅದು ಹೋದ ಮೇಲೂ ಅದು ಹೋದ ದಾರಿಯನ್ನೇ ನೋಡಿದಳು.

"ಗುರುಗಳೇ, ಕಳ್ಳಿ ಸಿಕ್ಕಿದಳು" ಅಂದಳು.

"ಸಿಕ್ಕಿದಳು."

"ಹಾಗಾದ್ರೆ ನೀವು ಊಹೂಂ ಅಂತೀರಿ. ನಾಳಿದ್ದು ದೋಣಿ ಹತ್ತಿಸಬೇಕು."

"ನಾನು ಎಲ್ಲಿ ಹಾಗಂದೆ?"

"ಮತ್ತೆ ಹೂಂ ಅಂತೀರಾ?"

"ಅದನ್ನೂ ಅನ್ನಲಿಲ್ಲ."

"ಏನಾದರೂ ಒಂದು ಹೇಳಿ ಗುರುಗಳೇ. ಮನೇಲಿ ಅವರು ಬಾಗಿಲಲ್ಲೇ ಕಾಯ್ತಿರ್ತಾರೆ. ನೀವು ಹೇಳಿದಂತೆ ಅಂತ ಮಾತಾಗಿದೆ."

"ಮಕ್ಕಳು ಏನಂದರು ಅಂದೆ?"

"ಮನೇಲೇ ಇರ್ತೀವಿ ಅಂದ್ರು. ನಾಲ್ವರೂ, ಒಂದೇ ಬಾ..."

ಮಾತು ಅಲ್ಲೇ ತುಂಡಾಯಿತು.

ಅಷ್ಟರಲ್ಲಿ ಹೊಳೆಯಾಚೆ ಶಾಲೆ ಬಿಡುವ ಗಂಟೆ ಹೊಡೆಯಿತು. ಹುಡುಗರ ಕೇಕೆ ನೀರಿನ ಮೇಲೆ ತೇಲಿಬಂತು. ಬೆನ್ನ ಹಿಂದೆ ಬೋರನ ಹೆಜ್ಜೆಗಳು ದಂಡೆಯವರೆಗೆ ಓಡಿಬಂದು, ಅಲ್ಲೇ ತಡೆದು ನಿಂತವು.

ದಿನಾ ಈ ಹೊತ್ತಿಗೆ ಬೋರನಿಗೆ ಹೊಳೆಯ ಹತ್ತಿರ ಏನಾದರೊಂದು ಕೆಲಸ ಇರುತ್ತಿತ್ತು. ಒಂದು ದಿನ ಕರು ಹುಡುಕುವುದು, ಒಂದು ದಿನ ಕೊಡ ತೊಳೆಯುವುದು. ಪಾಠ ತಪ್ಪಿಸಲು ಹೂಡುವ ನೆಪ ಅಂದುಕೊಂಡು ದೇವೀರಿ ಎಷ್ಟೋ ಸಲ ಮರೆಯಲ್ಲಿ ನಿಂತು ನೋಡಿದ್ದಳು. ಅವನು ಸುಮ್ಮನೆ ನಿಂತಿರುತ್ತಿದ್ದ. ಮನೇಲೇ ಇರ್ತೀವಿ ಅಂದವರಲ್ಲಿ ಎಲ್ಲರಿಗಿಂತ ಮೊದಲು ಅಂದವನು ಅವನೇ.

ಅವಳ ಕೈ ತಾನಾಗಿ ಹುಬ್ಬಿನ ಮೇಲೆ ಹೋಯಿತು.

ನಾಲಿಗೆಯ ಮೇಲೆ ಉಪ್ಪು ಇನ್ನೂ ಇತ್ತು.

"ಇನ್ನೊಮ್ಮೆ ಕೇಳಿದ್ರೆ" ಅಂದಳು, "ಬೇರೆ ಏನಾದ್ರೂ ಹೇಳಿಬಿಟ್ಟರೆ?"

ಗುರುಗಳು ಸುಲಿದ ಕಾಳನ್ನು ಮೊರಕ್ಕೆ ಹಾಕಿದರು.

ದೇವೀರಿ ಸೆರಗು ಸರಿಮಾಡಿಕೊಂಡಳು. ಒಂದು ಉಸಿರೆಳೆದು, ಮಕ್ಕಳ ಕಡೆ ತಿರುಗಲು ಕೈಯೂರಿದಳು.

"ಅಲ್ಲೇ ಕೂತು ಕೇಳು ಮಗಳೇ" ಅಂದರು ಗುರುಗಳು. "ಮುಖ ಹೊಳೆಯ ಕಡೆಗೇ ಇರಲಿ."