ಹನ್ನೊಂದು ಮಕ್ಕಳ ರಜೆ

ಒಂದು ನಗರದ ಗಂಜ್ ಬೀದಿಯಲ್ಲಿ, ಜೋಳದ ಚೀಲ ಒಟ್ಟಿದ ಅಂಗಡಿಗಳ ಹಿಂದೆ, ಒಂದು ಸರ್ಕಾರಿ ಶಾಲೆ ಇತ್ತು. ಒಂದು ಕಾಲಕ್ಕೆ ಅಲ್ಲಿ ಮುನ್ನೂರು ಮಕ್ಕಳು ಓದುತ್ತಿದ್ದರು. ಈಗ ಉಳಿದವರು ಅರವತ್ತೊಂದು. ಕೈಲಾದವರೆಲ್ಲ ಮಕ್ಕಳನ್ನು ಟೈ ಕಟ್ಟುವ ಶಾಲೆಗಳಿಗೆ ಸೇರಿಸಿದ್ದರು. ಆಗದವರ ಮಕ್ಕಳು ಇಲ್ಲಿ ಉಳಿದಿದ್ದರು.

ಆ ಶಾಲೆಯಲ್ಲಿ ಹಳೆಯದೊಂದು ಪದ್ಧತಿಯಿತ್ತು. ತಪಾಸಣೆಗೆ ಸಾಹೇಬರು ಬರುವುದು ಮೂರು ದಿನ ಮೊದಲೇ ಗೊತ್ತಾಗುತ್ತಿತ್ತು. ಹಿಂದಿನ ಸಂಜೆ ಗುರುಬಸಯ್ಯ ಮಾಸ್ತರರು ಓದಲು ಬಾರದ ಮಕ್ಕಳನ್ನು ಬದಿಗೆ ಕರೆದು, "ನಾಳೆ ನಿಮಗ ರಜಾ" ಎನ್ನುತ್ತಿದ್ದರು. ಮಕ್ಕಳು ಕುಣಿಯುತ್ತ ಮನೆಗೆ ಹೋಗುತ್ತಿದ್ದರು. ರಜೆ ಬೇಡವೆನ್ನುವ ಮಗು ಯಾವ ಊರಲ್ಲಿದೆ? ಮರುದಿನ ಉಳಿದವರು ಪಟಪಟನೆ ಓದಿ ತೋರಿಸುತ್ತಿದ್ದರು. ಸಾಹೇಬರು 'ಎಲ್ಲ ಮಕ್ಕಳೂ ಓದಬಲ್ಲರು' ಎಂದು ಬರೆದು, ಚಹಾ ಕುಡಿದು ಹೋಗುತ್ತಿದ್ದರು.

ಗುರುಬಸಯ್ಯನವರು ಕೆಟ್ಟವರೇನಲ್ಲ. ಐದು ತರಗತಿಗಳಿಗೆ ಇಬ್ಬರೇ ಶಿಕ್ಷಕರಿದ್ದರು. ಶಾಲೆಯ ಮಾನ ಹೋಗಬಾರದು ಎಂಬುದಷ್ಟೇ ಅವರ ಆಸೆ. ಆದರೆ ಎಲ್ಲವೂ ಚೆನ್ನಾಗಿದೆ ಎಂದು ಬರೆಸಿಕೊಂಡ ಶಾಲೆಗೆ ಮೂರನೆಯ ಶಿಕ್ಷಕರನ್ನು ಯಾರು ಕಳಿಸುತ್ತಾರೆ? ಹೊಟ್ಟೆನೋವನ್ನು ವೈದ್ಯರ ಮುಂದೆ ಮುಚ್ಚಿಟ್ಟವನಿಗೆ ಔಷಧಿ ಎಲ್ಲಿಂದ ಬರಬೇಕು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಈ ಆಟ ಹತ್ತು ವರ್ಷ ನಡೆಯಿತು.

ಆ ವರ್ಷ ಹೊಸ ನಿಯಮ ಬಂತು. ಇನ್ನು ಮೇಲೆ ತಪಾಸಣೆ ಪಾಲಕರ ಎದುರಿನಲ್ಲೇ ನಡೆಯಬೇಕು. ನೋಡಿದ ಮೇಲೆ ಅವರು ಮಕ್ಕಳನ್ನು ಅಲ್ಲಿಯೇ ಬಿಡಬಹುದು, ಇಲ್ಲವೇ ಟಿ.ಸಿ. ಪಡೆದು ನಗರದ ಬೇರೆ ಯಾವ ಸರ್ಕಾರಿ ಶಾಲೆಗಾದರೂ ಸೇರಿಸಬಹುದು. ಐವತ್ತಕ್ಕಿಂತ ಕಡಿಮೆ ಮಕ್ಕಳು ಉಳಿದರೆ ಶಾಲೆಗೆ ಬೀಗ. ಅದೇ ವರ್ಷ ಜುಬೇದಾ ಟೀಚರ್ ಆ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದರು.

ತಪಾಸಣೆಯ ಬೆಳಿಗ್ಗೆ ಅವರು ಹಾಜರಿ ಕರೆದಾಗ ಹನ್ನೊಂದು ಮಕ್ಕಳು ಇರಲಿಲ್ಲ.

"ಮಾಸ್ತರ, ಹನ್ನೊಂದು ಮಂದಿಗೆ ಒಂದೇ ದಿನ ಜ್ವರ ಬಂತೇನ್ರಿ?"

"ಜ್ವರ ಅಲ್ರಿ ಮೇಡಂ. ನಾನೇ ರಜಾ ಕೊಟ್ಟೀನಿ. ಇವತ್ತೊಂದಿನ ಸುಮ್ಮನಿದ್ದುಬಿಡ್ರಿ. ಅವರು ಬಂದ್ರ ಸಾಲಿಗೆ ಬೀಗ ಬೀಳತೈತಿ. ಬರಲಿಲ್ಲಂದ್ರ ಸಾಲಿ ಉಳಿತೈತಿ."

"ಯಾರ ಸಲುವಾಗಿ ಉಳೀಬೇಕ್ರಿ ಅದು?"

ಕೇಳುವುದನ್ನೇನೋ ಕೇಳಿದರು. ಆದರೆ ಜುಬೇದಾ ಟೀಚರ್‌ಗೂ ಭಯವಿತ್ತು. ಮಾಸ್ತರರ ಮಾತು ಸುಳ್ಳಾಗಿರಲಿಲ್ಲ. ಬೀಗ ಬಿದ್ದರೆ ಈ ಪುಟ್ಟ ಮಕ್ಕಳು ದೊಡ್ಡ ರಸ್ತೆ ದಾಟಿ, ಲಾರಿಗಳ ನಡುವೆ ಎರಡು ಮೈಲಿ ನಡೆಯಬೇಕು. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮನೆಯಲ್ಲೇ ಉಳಿಯುತ್ತಾರೆ. ಆದರೂ ಟೀಚರ್ ಎದ್ದು, ಚಪ್ಪಲಿ ಮೆಟ್ಟಿ, ಓಣಿ ಓಣಿ ತಿರುಗಿ, ರಜೆಯ ನಿಜ ಸಂಗತಿ ಹೇಳಿ, ಹನ್ನೊಂದು ಮಕ್ಕಳನ್ನೂ ಅವರ ತಾಯಂದಿರನ್ನೂ ಕರೆತಂದರು. ಅಷ್ಟರಲ್ಲಿ ಬಂದಿದ್ದ ಸಾಹೇಬರು ಉಳಿದ ಪಾಲಕರ ಜೊತೆ ಗಡಿಯಾರ ನೋಡುತ್ತ ಕಾದರು.

ಬಂದವರಲ್ಲಿ ಹುಲಿಗೆಮ್ಮ ಒಬ್ಬಳು. ನಸುಕಿನಲ್ಲಿ ರಸ್ತೆ ಗುಡಿಸಿ ಆಗಷ್ಟೇ ಮನೆ ಸೇರಿದ್ದಳು. ಅವಳ ಮೂರು ಮಕ್ಕಳು ಅದೇ ಶಾಲೆಯಲ್ಲಿದ್ದರು. ದೊಡ್ಡವಳು ದುರುಗಮ್ಮ ಐದನೆಯ ತರಗತಿ.

ಸಾಹೇಬರು ದುರುಗಮ್ಮನಿಗೆ ಪುಸ್ತಕ ಕೊಟ್ಟರು. ಅವಳು ಮೊದಲ ಪದದಲ್ಲೇ ನಿಂತಳು. ಎರಡನೆಯ ಪದವನ್ನು ಬೆರಳಿನಿಂದ ಸವರಿದಳು. ಬಾಯಿಂದ ಅಕ್ಷರ ಹೊರಡಲಿಲ್ಲ. ಮಿಕ್ಕ ಹತ್ತು ಮಕ್ಕಳದೂ ಅದೇ ಕತೆ. 'ಅರವತ್ತೊಂದು ಮಕ್ಕಳಲ್ಲಿ ಹನ್ನೊಂದು ಮಂದಿಗೆ ಓದಲು ಬರುವುದಿಲ್ಲ' ಎಂದು ಸಾಹೇಬರು ಬರೆದು, ನಿಯಮದಂತೆ ಎಲ್ಲರಿಗೂ ಓದಿ ಹೇಳಿದರು.

ಪಾಲಕರಲ್ಲಿ ಗುಸುಗುಸು ಎದ್ದಿತು. ಒಬ್ಬರ ಹಿಂದೆ ಒಬ್ಬರು ಮೇಜಿನ ಬಳಿ ಬಂದು ಒಂಬತ್ತು ಮಕ್ಕಳ ಟಿ.ಸಿ. ಬರೆಸಿಕೊಂಡರು. ಐವತ್ತೆರಡು ಮಕ್ಕಳು ಉಳಿದರು. ಆಗ ಹುಲಿಗೆಮ್ಮ ಎದ್ದು ಬಂದಳು. ಅವಳ ಮೂರೂ ಮಕ್ಕಳು ಹೋದರೆ ಬೀಗವೇ ಗತಿ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅವಳು ಮೊದಲು ಗುರುಬಸಯ್ಯನವರ ಕಡೆ ತಿರುಗಿದಳು.

"ಸರ್, ನನಗ ಓದು ಬರಂಗಿಲ್ಲ. ನನ್ನ ಮಗಳಿಗೆ ಬರತೈತಿ ಅಂತ ತಿಳಕೊಂಡಿದ್ದೆ. ಐದು ವರ್ಷದಾಗ ಒಂದು ದಿನಾನಾರ ಹೇಳಬೇಕಿಲ್ರಿ?"

"ತಪ್ಪು ನಮ್ಮ ಸಾಲೀದು, ಹುಲಿಗೆಮ್ಮ," ಎಂದರು ಜುಬೇದಾ ಟೀಚರ್. "ಟಿ.ಸಿ. ಬೇಕಂದ್ರ ಈಗ ಬರದುಕೊಡತೀನಿ. ನಿಮ್ಮನ್ನ ತಡಿಯಂಗಿಲ್ಲ."

ಹುಲಿಗೆಮ್ಮ ಸಾಹೇಬರನ್ನು ನೋಡಿದಳು. "ಸಾಹೇಬ್ರ, ಕೋಟೆ ಬಾಗಿಲ ಸಾಲಿ ಛಲೋ ಐತಿ ಅಂತಾರ. ಅಲ್ಲಿ ಓದಾಕ ಬರದ ಮಕ್ಕಳು ಎಷ್ಟ ಅದಾವ್ರಿ?"

ಸಾಹೇಬರು ಕಾಗದ ತಿರುವಿದರು. "ಒಂದೂ ಇಲ್ಲಮ್ಮ."

"ಸ್ಟೇಷನ್ ರೋಡಿನ ಸಾಲ್ಯಾಗ?"

"ಅಲ್ಲೂ ಇಲ್ಲ."

"ಹಂಗಾರ ನೀವು ಹೋದ ದಿನ ಆ ಮಕ್ಕಳಿಗೂ ರಜಾ ಇತ್ತೇನ್ರಿ?"

ಸಾಹೇಬರು ಕೈಯಲ್ಲಿದ್ದ ಕಾಗದವನ್ನು ಇನ್ನೊಮ್ಮೆ ನೋಡಿದರು. ಇಷ್ಟು ವರ್ಷ ತಾವೇ ಬರೆದ ಅಕ್ಷರಗಳನ್ನು ನೋಡಿ ಅವರಿಗೆ ನಾಚಿಕೆಯಾಯಿತು.

"ನನ್ನ ಮೂರೂ ಇಲ್ಲೇ ಇರಲಿ," ಎಂದಳು ಹುಲಿಗೆಮ್ಮ. "ಮನಿಗೆ ಬಂದು ಖರೇ ಹೇಳಿ ಕರಕೊಂಡು ಬಂದ ಸಾಲಿ ಇದೊಂದೇ. ಆದ್ರ ಟೀಚರ್ರ, ದೀಪಾವಳಿಗೆ ನಾ ಬರತೀನಿ. ಅಷ್ಟೊತ್ತಿಗೆ ನನ್ನ ಮಗಳು ಓದಬೇಕು. ಓದಲಿಲ್ಲಂದ್ರ ಆವತ್ತ ನನ್ನ ತಡೀಬ್ಯಾಡ್ರಿ."

ಅಂದು ಸಾಹೇಬರು ಮೂರನೆಯ ಶಿಕ್ಷಕರು ಬೇಕೇಬೇಕು ಎಂದು ಬರೆದರು. ಮುಂದಿನ ವಾರದಿಂದ ಯಾವ ಶಾಲೆಗೂ ಹೇಳಿ ಹೋಗುವುದನ್ನು ಬಿಟ್ಟರು. ಹೇಳದೆ ಹೋದಾಗ ನಗರದ ಪ್ರತಿ ಶಾಲೆಯಲ್ಲೂ ಓದಲು ಬಾರದ ಮಕ್ಕಳು ಸಿಕ್ಕರು. ಗುರುಬಸಯ್ಯ ಮಾಸ್ತರರು ಯಾರೂ ಹೇಳದಿದ್ದರೂ ದಿನವೂ ಒಂದು ತಾಸು ಮೊದಲೇ ಬಂದು ಆ ಹನ್ನೊಂದು ಮಕ್ಕಳ ಜೊತೆ ಕುಳಿತರು.

ದೀಪಾವಳಿಗೆ ಹುಲಿಗೆಮ್ಮ ಬಂದಳು. ದುರುಗಮ್ಮ ಒಂದು ಪುಟ ಓದಿದಳು, ಎರಡು ಕಡೆ ತಡವರಿಸಿದಳು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹನ್ನೊಂದರಲ್ಲಿ ಮೂವರಿಗೆ ಆಗಲೂ ಓದಲು ಬರುತ್ತಿರಲಿಲ್ಲ. ಅದೇ ಸಂಜೆ ಗುರುಬಸಯ್ಯ ಮಾಸ್ತರರು ಆ ಮೂವರ ಮನೆಗೆ ತಾವೇ ಹೋಗಿ, ಹೊಸ್ತಿಲಲ್ಲಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದರು.

ನೀತಿ: ಹಿಂದುಳಿದ ಮಗುವನ್ನು ಮರೆಮಾಡಿ ಗಳಿಸಿದ ಒಳ್ಳೆಯ ಹೆಸರು ಶಾಲೆಯನ್ನು ಉಳಿಸುವುದಿಲ್ಲ. ಸತ್ಯ ಹೇಳುವ ಧೈರ್ಯ ಮುಖ್ಯಸ್ಥರಲ್ಲಿ ಇರದಿದ್ದರೆ ಸರ್ಕಾರದ ನಿಯಮವೂ ಕುರುಡು, ತಂದೆತಾಯಿಯ ಆಯ್ಕೆಯೂ ಕುರುಡು. ಯಾವ ಶಾಲೆ ಒಳ್ಳೆಯದು ಎಂದು ಆರಿಸುವವರು ಅಲ್ಲಿ ಮೊದಲನೆಯ ಮಗು ಯಾರು ಎಂದು ಕೇಳುವುದು ಬೇಡ, ಕೊನೆಯ ಮಗು ಎಲ್ಲಿದೆ ಎಂದು ಕೇಳಲಿ.