ಪುಲ್ಲಿ ಹಿಂದೆ ಬಿದ್ದ ಗಂಟೆ

ಹೂಂ ಅಂತೀರಾ? ಹೂಂ ಅಂದರೆ ಮಾತ್ರ ಹೇಳ್ತೀನಿ. ಹಾಂ, ಈಗ ಕೇಳಿ.

ಓಬಕ್ಕನ ಹತ್ತಿರ ಒಂದು ಮೇಕೆ. ಅದರ ಹೆಸರು ಬೆಳ್ಳಿ. ಬೆಳ್ಳಿಗೊಂದು ಮರಿ. ಮರಿಯ ಕೊರಳಲ್ಲಿ ಪುಟಾಣಿ ಗಂಟೆ. ಬೆಳ್ಳಿಗೆ ಕಣ್ಣು ಮಂಜು. ಗಿಲಿಗಿಲಿ ಅಂದರೆ ಮರಿ ಇಲ್ಲೇ ಇದೆ ಅಂತ ಗೊತ್ತಾಗುತ್ತೆ. ಗಿಲಿಗಿಲಿ ಅನ್ನದಿದ್ದರೆ ಗೊತ್ತಾಗಲ್ಲ.

ಪಕ್ಕದ ಮನೆ ದಾದಾಪೀರಣ್ಣ ಅಂಗಳದಲ್ಲಿ ಲಾರಿ ಬಿಚ್ಚಿಕೊಂಡು ಕೂತಿದ್ದ. ಮರಿ ಸುಮ್ಮನಿರುತ್ತಾ? ಹತ್ತಿತು. ಇಣುಕಿತು. ಕುಣಿಯಿತು. ಗಂಟೆ ಕಳಚಿತು. ಟಣ್!

ಇಂಜಿನ್ ಮುಂದೆ ಬೆಲ್ಟ್ ಸುತ್ತುವ ಒಂದು ಚಕ್ರ ಇರುತ್ತೆ. ಅದೇ ಪುಲ್ಲಿ. ಗಂಟೆ ಹೋಗಿ ಪುಲ್ಲಿ ಹಿಂದೆ ಸಿಕ್ಕಿಕೊಂಡಿತು. ಪುಲ್ಲಿ ನಡುವೆ ಒಂದು ದಪ್ಪ ಬೋಲ್ಟ್. ತುಕ್ಕು ಹಿಡಿದ ಬೋಲ್ಟ್. ಮೊಂಡು ಬೋಲ್ಟ್.

"ಎರಡು ದಿನದಿಂದ ಜಗ್ತಾ ಇದೀನಿ! ಇದು ಬೋಲ್ಟಲ್ಲ, ನನ್ನ ತಲೆನೋವು!" ಅಂದ ದಾದಾಪೀರಣ್ಣ.

ಓಬಕ್ಕ ಅಂದಳು, "ಗಂಟೆ ಇಲ್ಲದ ಮರಿ ಕಾಡಲ್ಲಿ ಕಳೆದುಹೋಗುತ್ತೆ. ನಾಳೆಯಿಂದ ಅದು ಗೂಟದಲ್ಲೇ ಇರಲಿ."

ಮರಿ ಮ್ಯಾ ಅಂತು.

ಬೆಳ್ಳಿ ಬೋಲ್ಟ್ ಹತ್ತಿರ ಹೋಯಿತು. "ಬೋಲ್ಟಣ್ಣ, ಬೋಲ್ಟಣ್ಣ, ಪುಲ್ಲಿ ಬಿಡು."
"ಬಿಡಲ್ಲ. ನನ್ನ ತಿರುಗಿಸೋರು ಯಾರು?"

ಬೆಳ್ಳಿ ಸ್ಪ್ಯಾನರ್ ಹತ್ತಿರ ಹೋಯಿತು. "ಸ್ಪ್ಯಾನರಣ್ಣ, ಬೋಲ್ಟ್ ತಿರುಗಿಸು. ಬೋಲ್ಟ್ ಪುಲ್ಲಿ ಬಿಡಲ್ಲ. ಪುಲ್ಲಿ ಗಂಟೆ ಕೊಡಲ್ಲ. ಗಂಟೆ ಇಲ್ಲದೆ ಮರಿ ಬರಲ್ಲ."
"ಆಗಲ್ಲ. ನನ್ನ ಕೈ ಗಿಡ್ಡ. ಉದ್ದದ ಪೈಪ್ ತೊಡಿಸು, ನೋಡೋಣ."

ಬೆಳ್ಳಿ ಪೈಪ್ ಹತ್ತಿರ ಹೋಯಿತು. "ಪೈಪಣ್ಣ, ಬಾ. ಸ್ಪ್ಯಾನರ್ ಬೋಲ್ಟ್ ತಿರುಗಿಸಲ್ಲ. ಬೋಲ್ಟ್ ಪುಲ್ಲಿ ಬಿಡಲ್ಲ. ಪುಲ್ಲಿ ಗಂಟೆ ಕೊಡಲ್ಲ. ಗಂಟೆ ಇಲ್ಲದೆ ಮರಿ ಬರಲ್ಲ."
"ಬರಲ್ಲ. ಓಬಕ್ಕನ ಅವರೆ ಚಪ್ಪರ ಹೊತ್ತಿದೀನಿ, ಕಾಣಲ್ವಾ?"

ಕಾಣಲ್ಲ ಪಾಪ, ಕಣ್ಣು ಮಂಜು.

ಬೆಳ್ಳಿ ಓಬಕ್ಕನ ಹತ್ತಿರ ಹೋಯಿತು. "ಓಬಕ್ಕ, ಪೈಪ್ ಬಿಡು. ಪೈಪ್ ಸ್ಪ್ಯಾನರಿಗೆ ಬರಲ್ಲ. ಸ್ಪ್ಯಾನರ್ ಬೋಲ್ಟ್ ತಿರುಗಿಸಲ್ಲ. ಬೋಲ್ಟ್ ಪುಲ್ಲಿ ಬಿಡಲ್ಲ. ಪುಲ್ಲಿ ಗಂಟೆ ಕೊಡಲ್ಲ. ಗಂಟೆ ಇಲ್ಲದೆ ಮರಿ ಬರಲ್ಲ."
"ಅಯ್ಯೋ, ಚಪ್ಪರ ಬಿದ್ದರೆ? ಕಾಯಿ ಈಗ ತಾನೇ ಬಿಟ್ಟಿದೆ! ಪೈಪಿನ ಬದಲು ಒಂದು ಬಿದಿರು ತಾ."

ಬೆಳ್ಳಿ ಬುಟ್ಟಿ ಹೆಣೆಯುವ ಗಾದ್ರಣ್ಣನ ಹತ್ತಿರ ಹೋಯಿತು. "ಗಾದ್ರಣ್ಣ, ಬಿದಿರು ಕೊಡು. ಓಬಕ್ಕ ಪೈಪ್ ಬಿಡಲ್ಲ. ಪೈಪ್ ಸ್ಪ್ಯಾನರಿಗೆ ಬರಲ್ಲ. ಸ್ಪ್ಯಾನರ್ ಬೋಲ್ಟ್ ತಿರುಗಿಸಲ್ಲ. ಬೋಲ್ಟ್ ಪುಲ್ಲಿ ಬಿಡಲ್ಲ. ಪುಲ್ಲಿ ಗಂಟೆ ಕೊಡಲ್ಲ. ಗಂಟೆ ಇಲ್ಲದೆ ಮರಿ ಬರಲ್ಲ."
"ಬಿದಿರು ಮುಗಿದುಹೋಯ್ತಲ್ಲವ್ವ. ಡಿಪೋದಿಂದ ತರಬೇಕು. ಅದಕ್ಕೆ ಲಾರಿ ಬೇಕು."

ಬೆಳ್ಳಿ ಲಾರಿ ಹತ್ತಿರ ಹೋಯಿತು. ಉಸ್ಸಪ್ಪಾ! "ಲಾರಿಯಣ್ಣ, ಬಿದಿರು ತಾ. ಗಾದ್ರಣ್ಣನ ಹತ್ತಿರ ಬಿದಿರಿಲ್ಲ. ಓಬಕ್ಕ ಪೈಪ್ ಬಿಡಲ್ಲ. ಪೈಪ್ ಸ್ಪ್ಯಾನರಿಗೆ ಬರಲ್ಲ. ಸ್ಪ್ಯಾನರ್ ಬೋಲ್ಟ್ ತಿರುಗಿಸಲ್ಲ. ಬೋಲ್ಟ್ ಪುಲ್ಲಿ ಬಿಡಲ್ಲ. ಪುಲ್ಲಿ ಗಂಟೆ ಕೊಡಲ್ಲ. ಗಂಟೆ ಇಲ್ಲದೆ ಮರಿ ಬರಲ್ಲ."
ಲಾರಿ ಏನಂತು ಗೊತ್ತಾ? "ಹೆಂಗೆ ಹೋಗಲಿ? ಬೋಲ್ಟ್ ಬಿಚ್ಚಬೇಕಲ್ಲ!"

ಸುತ್ತಿ ಸುತ್ತಿ ಮತ್ತೆ ಬೋಲ್ಟಿಗೇ ಬಂತು! ಬೆಳ್ಳಿಗೆ ಸಿಟ್ಟು ನೆತ್ತಿಗೇರಿತು. ಕಾಲು ನೆಲಕ್ಕೆ ಕುಟ್ಟಿತು. "ಸಾಕು! ಯಾರೂ ಬೇಡ! ಚಪ್ಪರ ನಾನೇ ಹೊರ್ತೀನಿ!"

"ನೀನಾ?" ಓಬಕ್ಕ ಬಾಯಿ ಮೇಲೆ ಕೈ ಇಟ್ಟಳು. "ಅವರೆ ಬಳ್ಳಿ ಕೆಳಗೆ ಮೇಕೆನಾ? ಒಂದೆಲೆ ಉಳಿಯುತ್ತಾ?"
"ಮುಟ್ಟಲ್ಲ."
"ಹಸಿದಿದೀಯ."
"ಹಸಿದಿದೀನಿ. ಮುಟ್ಟಲ್ಲ."

ಬೆಳ್ಳಿ ಒರಳುಕಲ್ಲು ಹತ್ತಿತು. ಚಪ್ಪರಕ್ಕೆ ಕೊಂಬು ಕೊಟ್ಟಿತು. ಬಾಯಿ ಬಿಗಿ ಮುಚ್ಚಿತು.

ಓಬಕ್ಕ ಪೈಪ್ ಬಿಟ್ಟಳು. ಪೈಪ್ ಸ್ಪ್ಯಾನರಿಗೆ ಬಂತು. ಸ್ಪ್ಯಾನರ್ ಬೋಲ್ಟ್ ಹಿಡಿಯಿತು. ದಾದಾಪೀರಣ್ಣ ಜಗ್ಗಿದ. ಗಾದ್ರಣ್ಣ ಜಗ್ಗಿದ. ಐಸಾ!

"ತಿರುಗಿತು! ತಿರುಗಿತು!" ಎಲ್ಲರೂ ಚಪ್ಪಾಳೆ ತಟ್ಟಿದರು.

ಬೋಲ್ಟ್ ಎಲ್ಲಿ ತಿರುಗಿತು? ಇಡೀ ಇಂಜಿನ್ನೇ ತಿರುಗಿತು! ಗೇರ್ ಹಾಕಿ ಬ್ರೇಕ್ ಒತ್ತಿದರೆ ಇಂಜಿನ್ ಅಲ್ಲಾಡಲ್ಲ. ದಾದಾಪೀರಣ್ಣ ಗೇರ್ ಹಾಕೋದನ್ನೇ ಮರೆತಿದ್ದ. ಹಣೆ ಹಣೆ ಚಚ್ಚಿಕೊಂಡ.

ಅಲ್ಲಿ ಬೆಳ್ಳಿಯ ಮೂಗಿಗೆ ಅವರೆ ಹೂವಿನ ಘಮ. ತುಟಿಗೆ ಎಳೆ ಎಲೆ ತಾಗುತ್ತಿತ್ತು. ಮುಟ್ಟಲಿಲ್ಲ. ಕಾಲು ನಡುಗಿತು. ಮುಟ್ಟಲಿಲ್ಲ.

"ಬೇಗ ಆಗಲಿ ಕಣ್ರೋ, ಅದರ ಕೈಲಿ ಆಗ್ತಿಲ್ಲ!" ಓಬಕ್ಕನೇ ಲಾರಿ ಹತ್ತಿದಳು. ದಾದಾಪೀರಣ್ಣ ಗೇರ್ ಹಾಕಿಕೊಟ್ಟ. ಓಬಕ್ಕ ಎರಡೂ ಕಾಲಲ್ಲಿ ಬ್ರೇಕ್ ಒತ್ತಿದಳು. ಈಗ ಇಂಜಿನ್ ಅಲ್ಲಾಡಲಿಲ್ಲ.

ಮತ್ತೆ ಜಗ್ಗಿದರು. ಐಸಾ! ಐಸಾ! ಐ...

ಟಕ್!

ಪೈಪ್ ಸ್ಪ್ಯಾನರ್ ತಿರುಗಿಸಿತು. ಸ್ಪ್ಯಾನರ್ ಬೋಲ್ಟ್ ತಿರುಗಿಸಿತು. ಬೋಲ್ಟ್ ಪುಲ್ಲಿ ಬಿಟ್ಟಿತು. ಪುಲ್ಲಿ ಗಂಟೆ ಕೊಟ್ಟಿತು. ಗಂಟೆ ಮರಿಯ ಕೊರಳಿಗೆ ಬಂತು. ಓಬಕ್ಕ ಪೈಪ್ ಹೊತ್ತುಕೊಂಡು ಓಡಿದಳು. ಚಪ್ಪರ ಮತ್ತೆ ಪೈಪ್ ಮೇಲೆ ನಿಂತಿತು.

ಓಬಕ್ಕ ಬಳ್ಳಿಯನ್ನೆಲ್ಲ ನೋಡಿದಳು. ಒಂದೆಲೆ ಕಮ್ಮಿ ಇರಲಿಲ್ಲ. ಅವಳ ಕಣ್ಣು ತುಂಬಿತು. ಮಡಿಲು ತುಂಬ ಅವರೆಕಾಯಿ ಕಿತ್ತು ಬೆಳ್ಳಿಯ ಮುಂದೆ ಸುರಿದಳು. "ತಿನ್ನವ್ವ, ತಿನ್ನು."

ಬೆಳ್ಳಿ ತಿನ್ನಲಿಲ್ಲ. ಕಿವಿ ಎತ್ತಿತು.

ಗಿಲಿಗಿಲಿ. ಗಿಲಿಗಿಲಿ. ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಬೆಳ್ಳಿಯ ಹೊಟ್ಟೆಗೆ ಬಂದು ಢೀ ಅಂತ ಗುದ್ದಿತು.

ಆಮೇಲೆ ಬೆಳ್ಳಿ ಬಾಯಿ ತೆರೆಯಿತು. ನಾನು ನನ್ನದು ಮುಚ್ಚಿದೆ.